ಹಗುರ ಚಿಪ್ಪಿನ ಸುಗ್ಗಿ

ಮೂಡಣ ಇನ್ನೂ ಬೂದಿಬಣ್ಣದಲ್ಲಿರುವಾಗಲೇ ಚಿಕ್ಕಬೀರಮ್ಮ ಸುಣ್ಣದ ಗೂಡಿನ ಬಾಯಿಗೆ ಬಂದು ಕೂರುತ್ತಾರೆ. ಸಂಜೆ ಹೊತ್ತಿಸಿದ ಬೆಂಕಿ ಈಗ ಇಳಿದಿದೆ. ಒಳಗೆ ಇದ್ದಿಲೆಲ್ಲ ಉರಿದುಹೋಗಿ ಕಪ್ಪೆಚಿಪ್ಪುಗಳಷ್ಟೇ ಉಳಿದಿವೆ. ಉದ್ದ ಹಿಡಿಕೆಯ ಕಬ್ಬಿಣದ ಸೌಟಿನಿಂದ ಅವನ್ನು ಎತ್ತಿ ಕಲ್ಲುಚಪ್ಪಡಿಯ ಮೇಲೆ ಹರವುತ್ತಾರೆ. ಸುಟ್ಟರೂ ಚಿಪ್ಪಿನ ಆಕಾರ ಕೆಟ್ಟಿಲ್ಲ. ಬಣ್ಣ ಮಾತ್ರ ಹಾಲಿನದಾಗಿದೆ. ಚೊಂಬಿನಿಂದ ನೀರು ಚಿಮುಕಿಸಿದೊಡನೆ ಮೊದಲು ಸುಯ್ಯೆಂದು ಆವಿ ಏಳುತ್ತದೆ, ಬಳಿಕ ಬೆಲ್ಲದ ಪಾಕ ಕುದಿಯುವಂಥ ಸಣ್ಣ ಸದ್ದು, ಆಮೇಲೆ ಚಿಪ್ಪೆಲ್ಲ ಬಿರಿದು, ಉಬ್ಬಿ, ಹಿಟ್ಟಾಗಿ ಕುಸಿಯುತ್ತದೆ. ಈ ಕಸುಬಿನವರು ಇದನ್ನು ಸುಣ್ಣ ಅರಳುವುದು ಎನ್ನುತ್ತಾರೆ. ಅರಳುವ ಸದ್ದು ಸಣ್ಣಗೆ, ಬಿಡುವಿಲ್ಲದೆ, ಒಂದೇ ಸಮನೆ ಬರಬೇಕು. ನಡುವೆ ತಡೆದರೆ ಚಿಪ್ಪು ಬೆಂದಿಲ್ಲವೆಂದು ಅರ್ಥ.

ತಿದಿ ಒತ್ತಿ ಗೂಡಿಗೆ ಗಾಳಿ ಊದಿ ಸುಸ್ತಾದ ಗಂಡ ಮರಿಯಯ್ಯ ಪಕ್ಕದಲ್ಲಿ ಬೀಡಿಗೆ ಬೆಂಕಿಪೊಟ್ಟಣ ಹುಡುಕುತ್ತ ಏನೋ ಕೇಳುತ್ತಾರೆ. "ಒಸಿ ಸುಮ್ಕಿರಿ, ಅರಳ್ತಾ ಅದೆ" ಎನ್ನುತ್ತಾರೆ ಚಿಕ್ಕಬೀರಮ್ಮ, ತಲೆಯೆತ್ತದೆ.

"ಮದ್ವೆಯಾದಾಗ್ಲಿಂದ ನೋಡ್ತಾ ಇವ್ನಿ, ಸುಣ್ಣದ ಮಾತು ಕೇಳ್ದಂಗೆ ನನ್ನ ಮಾತು ಯಾವತ್ತೂ ಕೇಳ್ನಿಲ್ಲ ಇವ್ಳು" ಎಂದು ಮರಿಯಯ್ಯ ಗೊಣಗುತ್ತಾರೆ.

"ಸುಣ್ಣ ಬೀಡಿ ಕೇಳಾಕಿಲ್ಲ, ಅದ್ಕೆ."

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಿಂದ ಮಣ್ಣುರಸ್ತೆ ಹಿಡಿದು ಒಳಕ್ಕೆ ಹೋದರೆ ಸಿಗುವ ಗೂಡಿನಕೊಪ್ಪಲು ಹೆಸರಿಗೆ ತಕ್ಕಂತೆ ಒಂದು ಕಾಲಕ್ಕೆ ಸುಣ್ಣದ ಗೂಡುಗಳ ಊರು. ಕೆರೆಯ ಚಿಪ್ಪು ಆಯ್ದು, ತೊಳೆದು, ಒಣಗಿಸಿ, ಇದ್ದಿಲಿನ ಜೊತೆ ಪದರಪದರವಾಗಿ ಗೂಡಿಗೆ ತುಂಬಿ ಸುಡುವ ಮನೆಗಳು ಇಲ್ಲಿ ಸಾಲಾಗಿದ್ದವು. ಈಗ ಅವರೆಲ್ಲ ಬೇಸಾಯಗಾರರು. ಮಳೆಯ ಹೊಲದಲ್ಲಿ ಹೊಗೆಸೊಪ್ಪು, ರಾಗಿ. ನೀರಿದ್ದ ಕಡೆ ಒಂದಿಷ್ಟು ಭತ್ತ. ಗೂಡು ಉಳಿದಿರುವುದು ಚಿಕ್ಕಬೀರಮ್ಮನ ಹಿತ್ತಲಲ್ಲಿ ಮಾತ್ರ. ಅದೂ ಹಳೆಯ ಗೂಡಲ್ಲ. ಹಳೆಯದು ಮನೆಯ ಪಡುವಣಕ್ಕೆ, ಬಾಯಿಗೆ ಗಾರೆ ಮೆತ್ತಿಸಿಕೊಂಡು, ಗೋರಿಯ ಹಾಗೆ ಮುಚ್ಚಿಹೋಗಿದೆ. ಅದನ್ನು ಮುಚ್ಚಿಸಿದವರೂ ಚಿಕ್ಕಬೀರಮ್ಮನೇ.

ಚಿಪ್ಪಿನ ಸುಣ್ಣಕ್ಕೂ ಕಲ್ಲಿನ ಸುಣ್ಣಕ್ಕೂ ಇರುವ ವ್ಯತ್ಯಾಸವನ್ನು ಎಲೆ ಅಡಿಕೆ ಹಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಕಲ್ಲಿನದು ಗೋಡೆಗೆ ಸೈ, ನಾಲಗೆಗೆ ಖಾರ. ಚಿಪ್ಪಿನದು ಬೆಣ್ಣೆಯಂತೆ ಎಲೆಗೆ ಹತ್ತುತ್ತದೆ, ಬಾಯಿ ಸುಡುವುದಿಲ್ಲ. ಆದುದರಿಂದಲೇ ಈ ಸೀಮೆಯಲ್ಲಿ ಬಾಣಂತಿಯ ತಾಂಬೂಲಕ್ಕೆ ಚಿಪ್ಪಿನ ಸುಣ್ಣವೇ ಆಗಬೇಕು. ಹೆರಿಗೆಯ ಮನೆಯಲ್ಲಿ ಊಟವಾದ ಮೇಲೆ ಎರಡು ಎಳೆಯ ವೀಳ್ಯದೆಲೆಗೆ ಕಡಲೆಕಾಳಿನಷ್ಟು ಸುಣ್ಣ ಸವರಿ ಕೊಡುವುದು ವಾಡಿಕೆ. ಮೂಳೆ ಗಟ್ಟಿಯಾಗುತ್ತದೆ, ಹಾಲು ಇಳಿಯುತ್ತದೆ ಎಂಬುದು ಹಿರಿಯರ ನಂಬಿಕೆ. ಗೂಡಿನಕೊಪ್ಪಲಿನ ಸುಣ್ಣಕ್ಕೆ ಸಂತೆಗಳಲ್ಲಿ ಇದ್ದ ಹೆಸರೇ ಬಾಣಂತಿ ಸುಣ್ಣ. ಕಂಪಲಾಪುರ, ಹುಣಸೂರು, ಕೃಷ್ಣರಾಜನಗರ, ಹೊಸ ಅಗ್ರಹಾರ, ಅತ್ತ ಮಿರ್ಲೆಯವರೆಗೂ ಅದರ ಮಡಕೆಗಳು ಹೋಗುತ್ತಿದ್ದವು.

ಚಿಕ್ಕಬೀರಮ್ಮ ಹೆಗ್ಗಡದೇವನಕೋಟೆ ಕಡೆಯ ಹೆಣ್ಣು. ಲಗ್ನವಾಗಿ ಬರುವ ತನಕ ಗೂಡಿನ ಮುಖ ಕಂಡವರಲ್ಲ. ಕಸುಬು ಕಲಿಸಿದವರು ಅತ್ತೆ. ಚಿಪ್ಪನ್ನು ಕಣ್ಣಿನಿಂದಲ್ಲ, ಕಾಲಿನಿಂದ ಹುಡುಕುವುದು ಮೊದಲ ಪಾಠ. ತೊಡೆಮಟ್ಟದ ನೀರಲ್ಲಿ ನಿಂತು ಕೆಸರನ್ನು ಅಂಗಾಲಿನಿಂದ ತಡವಬೇಕು. ಹುಳು ಸತ್ತು ಬರಿದಾದ ಚಿಪ್ಪು ತಟ್ಟೆಯಂತೆ ಮಲಗಿರುತ್ತದೆ, ಅದನ್ನು ಎತ್ತಬಹುದು. ಜೀವವಿರುವ ಚಿಪ್ಪು ಅಂಚು ಮೇಲಾಗಿ ನಿಂತಿರುತ್ತದೆ, ಅದನ್ನು ಬಿಡಬೇಕು. "ಅಂಗಾಲ್ಗೆ ಚೂಪ್ ಅಂದ್ರೆ ಅತ್ಲಾಗ್ ಸರ್ಕೊ ಅನ್ನೋರು ನಮ್ಮತ್ತೆ. ಜೀವ ಇರೋದ್ರ ಮನೆ ಕಿತ್ಕೋಬಾರ್ದು ಅಂತ."

ಈ ಮನೆಯ ಮಾತಿಗೆ ಒಂದು ಕಥೆಯೂ ಉಂಟು. ತಿದಿ ಒತ್ತುವಾಗ ನಿದ್ದೆ ಬಾರದಿರಲೆಂದು ಸುಣ್ಣದ ಮನೆಯವರು ಅದನ್ನು ಹೇಳಿಕೊಳ್ಳುತ್ತಾರೆ. ಕೆರೆ ತುಂಬಿದ ಮೊದಲ ವರ್ಷ ಗಂಗಮ್ಮ ನೀರಿನ ಜೀವಗಳನ್ನೆಲ್ಲ ಕರೆದು ಒಂದೊಂದು ಕೆಲಸ ವಹಿಸಿದಳಂತೆ. ಕಪ್ಪೆಗೆ ಕೂಗುವ ಕೆಲಸ, ಏಡಿಗೆ ನೆಲ ತೋಡುವ ಕೆಲಸ, ಮೀನಿಗೆ ಸುದ್ದಿ ಮುಟ್ಟಿಸುವ ಕೆಲಸ. ಕೊನೆಗೆ ಉಳಿದದ್ದು ಮೈಮೇಲೆ ಹೊದಿಕೆಯೂ ಇಲ್ಲದ ಒಂದು ಮೆತ್ತನೆಯ ಹುಳು. ನೀನು ನೀರು ತೊಳೆ ಎಂದಳು ಗಂಗಮ್ಮ. ತೊಳೆದ ಕೊಳೆಯನ್ನು ಎಲ್ಲಿ ಹಾಕಲಿ ಎಂದಿತು ಹುಳು. ನಿನ್ನ ಹೊಟ್ಟೆಯಲ್ಲಿಟ್ಟುಕೊ, ಅದಕ್ಕೆ ಪ್ರತಿಯಾಗಿ ಬಿಳಿಯ ಮನೆಯೊಂದನ್ನು ಕಟ್ಟಿಕೊಡುತ್ತೇನೆ, ನೀನು ಸತ್ತ ಮೇಲೆ ಆ ಮನೆ ಮನುಷ್ಯರಿಗೆ, ಅವರು ಅದರಲ್ಲಿ ಒಂದು ಹಿಡಿ ನನಗೆ ಹಿಂದಿರುಗಿಸಲಿ ಎಂದಳಂತೆ. ಹೀಗಾಗಿ ಪ್ರತಿ ಗೂಡಿನ ಮೊದಲ ಹಿಡಿ ಸುಣ್ಣವನ್ನು ಕೆರೆಗೆ ಬಿಟ್ಟು ಬರುವುದು, ಕೆಟ್ಟುಹೋದ ಸುಣ್ಣವನ್ನೂ ತಿಪ್ಪೆಗೆ ಹಾಕದೆ ನೀರಿಗೇ ಒಪ್ಪಿಸುವುದು ಇಲ್ಲಿಯ ಕಟ್ಟಳೆ.

ಸುಮಾರು ಹತ್ತು ವರ್ಷಗಳ ಹಿಂದೆ ಕೆರೆಯ ಮೇಲ್ದಂಡೆಗೆ ತಗಡಿನ ಶೆಡ್ಡೊಂದು ಬಂತು. ಹೊರಗಿನವನಾರೋ ಜಾಗ ಗುತ್ತಿಗೆ ಹಿಡಿದು, ಹಳೆಯ ಬ್ಯಾಟರಿಗಳನ್ನು ಒಡೆಸಿ ಒಳಗಿನ ಸೀಸ ಕರಗಿಸುವ ಕೆಲಸ ಇಟ್ಟ. ಒಡೆದ ಬ್ಯಾಟರಿಯ ಹುಳಿನೀರು ಚರಂಡಿಯಲ್ಲಿ ಹರಿದು ಕೆರೆಗೆ, ಕಪ್ಪು ಪ್ಲಾಸ್ಟಿಕ್ಕಿನ ಚೂರುಗಳು ಗುಡ್ಡೆಯಾಗಿ ದಂಡೆಗೆ. ಊರಿಗೆ ಅದೇನೂ ವಿಶೇಷವಾಗಿ ಕಾಣಲಿಲ್ಲ. ಹೊಗೆಸೊಪ್ಪಿನ ಸಸಿಮಡಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಅಂಗಡಿಯ ಕವರು, ಎಲ್ಲವೂ ಗಾಳಿ ಮಳೆಗೆ ಆ ಕೆರೆಯನ್ನೇ ಸೇರುತ್ತಿದ್ದ ಕಾಲ ಅದು. ಚೀಲದ ಎಳೆಯೊಂದು ಜೀವಂತ ಚಿಪ್ಪಿನ ತುಟಿಗೆ ಸಿಕ್ಕಿ, ಅದು ಬಾಯಿ ಮುಚ್ಚಲಾರದೆ ಇದ್ದುದನ್ನು ಚಿಕ್ಕಬೀರಮ್ಮ ಆಗಲೇ ಕಂಡಿದ್ದರು. ಎಳೆಯನ್ನು ಬಿಡಿಸಿ ಮತ್ತೆ ಕೆಸರಿಗೆ ನಿಲ್ಲಿಸಿದ್ದರು.

ಮಾರನೆಯ ಬೇಸಗೆಗೆ ಮೊದಲು ಬದಲಾದದ್ದು ಏಡಿಗಳು. ತೂಬಿನ ಬಳಿಯ ಬಿಲಗಳಿಂದ ಹಗಲಲ್ಲೇ ಹೊರಬಂದು ಸುಮ್ಮನೆ ಕೂರುತ್ತಿದ್ದವು. ಕೈ ಹಾಕಿದರೆ ಕಚ್ಚುತ್ತಲೂ ಇರಲಿಲ್ಲ. ಊರ ಹುಡುಗರು ನಗುತ್ತ ಚೀಲ ತುಂಬಿಕೊಂಡರು. ಬಸವನಹುಳುಗಳು ನೀರು ಬಿಟ್ಟು ಕಲ್ಲಿನ ಮೇಲೆ ಹತ್ತಿ ಅಲ್ಲೇ ಒಣಗಿದವು. ಮೀನು ಸತ್ತು ತೇಲಿದವು. ಅದಾದ ಕೆಲವೇ ದಿನಗಳಲ್ಲಿ ದಂಡೆಯುದ್ದಕ್ಕೂ ಕಪ್ಪೆಚಿಪ್ಪು ಬಂದು ಬಿದ್ದವು. ಬಾಯಿ ತೆರೆದ, ಬರಿದಾದ, ಮಂಕರಿಗಟ್ಟಲೆ ಚಿಪ್ಪು. ನೀರಿಗಿಳಿಯುವ ಕಷ್ಟವಿಲ್ಲ, ತಡವುವ ಕೆಲಸವಿಲ್ಲ. ಬಾಚಿಕೊಂಡರೆ ಸಾಕು.

"ಗಂಗಮ್ಮ ಮಡ್ಲು ತುಂಬವ್ಳೆ ಬಾಚ್ಕಳ್ರಪ್ಪ ಅಂತ ನಾನೇ ಕೂಗ್ದೆ" ಎನ್ನುತ್ತಾರೆ ಮರಿಯಯ್ಯ. ಈಗ ಆ ಮಾತು ಹೇಳುವಾಗ ಅವರು ಹೆಂಡತಿಯ ಕಡೆ ನೋಡುವುದಿಲ್ಲ.

ಚಿಪ್ಪು ಕೈಗೆ ಹಗುರವಾಗಿದ್ದವು. ಬೆನ್ನಿನ ಮೇಲೆ ಅಲ್ಲಲ್ಲಿ ಸವೆದು, ಸೀಮೆಸುಣ್ಣದಂತೆ ಬೆರಳಿಗೆ ಹತ್ತುತ್ತಿದ್ದವು. ಚಿಕ್ಕಬೀರಮ್ಮ ಅದನ್ನು ಗಮನಿಸದೆ ಇರಲಿಲ್ಲ. ಆದರೆ ಗೂಡಿನವರ ಲೆಕ್ಕವೇ ಬೇರೆ. ಹಳೆಯ, ಚೆನ್ನಾಗಿ ಒಣಗಿದ ಚಿಪ್ಪು ಯಾವಾಗಲೂ ಹಗುರ. ಹಗುರ ಚಿಪ್ಪು ಬೇಗ ಬೇಯುತ್ತದೆ, ಇದ್ದಿಲು ಉಳಿಯುತ್ತದೆ. ಈ ಅನುಭವದ ಮೇಲೆಯೇ ಅವರು ಅದನ್ನು ಒಳ್ಳೆಯ ಚಿಪ್ಪೆಂದು ಬಗೆದರು. ಒಂದು ಗೂಡಿನ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು ಸುಟ್ಟರು. ಮಂಕರಿ ಚಿಪ್ಪಿಗೆ ಅರ್ಧ ಮಂಕರಿ ಸುಣ್ಣ ಸಿಗಬೇಕಾದಲ್ಲಿ ಕಾಲು ಮಂಕರಿಯೂ ಸಿಗದಿದ್ದಾಗ ಮರಿಯಯ್ಯ ತಿದಿಯನ್ನು ಬೈದರು. ಸುಣ್ಣದಲ್ಲಿ ಅಲ್ಲಲ್ಲಿ ಕಪ್ಪು ಗೆರೆ ಕಂಡಾಗ ಚಿಕ್ಕಬೀರಮ್ಮ ಅದು ಚಿಪ್ಪಿನ ಜೊತೆ ಸೇರಿಹೋಗಿ ಕರಗಿದ ಪ್ಲಾಸ್ಟಿಕ್ಕೆಂದು ತಿಳಿದು, ಕಡ್ಡಿಯಿಂದ ಕೆರೆದು ತೆಗೆದು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಮಡಕೆಗೆ ತುಂಬಿದರು. ಕಂಡ ಕೊಳೆಯನ್ನೆಲ್ಲ ತೆಗೆದಾಗಿತ್ತು. ಆ ವರ್ಷ ಮನೆಯಲ್ಲೂ ಬಾಣಂತಿ ಇದ್ದಳು. ಮಗ ಚಲುವರಾಜುವಿನ ಹೆಂಡತಿ ರೂಪಶ್ರೀ ಹೆಣ್ಣುಮಗುವಿಗೆ ಜನ್ಮ ಕೊಟ್ಟಿದ್ದಳು. ಮೊದಲ ಗೂಡಿನ ಸುಣ್ಣ ಅವಳ ಎಲೆಗೇ ಹೋಯಿತು.

ಹುಣಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಉಮಾಶಂಕರ ಅವರು ಸತ್ತ ಮೀನಿನ ಸುದ್ದಿ ಕೇಳಿ ಕೆರೆ ನೋಡಲು ಬಂದದ್ದು ಆ ದಿನಗಳಲ್ಲಿ. ಓದುವಾಗ ಅವರು ಕಡಲಂಚಿನ ಊರೊಂದರಲ್ಲಿದ್ದು ಸಮುದ್ರದ ಚಿಪ್ಪುಜೀವಿಗಳ ಮೇಲೆ ಕೆಲಸ ಮಾಡಿದವರು. ದಂಡೆಯ ಮೇಲಿನ ಚಿಪ್ಪುಗಳನ್ನು ಮಗುಚಿ ನೋಡುತ್ತಿದ್ದಾಗ, ಇವನ್ನು ಸುಟ್ಟು ತಿನ್ನುವ ಸುಣ್ಣ ಮಾಡುತ್ತಾರೆಂದು ಯಾರೋ ಹೇಳಿದರು. ಅವರು ನೇರವಾಗಿ ಗೂಡಿಗೆ ಬಂದರು.

"ಈ ಹುಳಕ್ಕೆ ಬೇರೆ ಊಟ ಇಲ್ಲಮ್ಮ. ದಿನವಿಡೀ ನೀರನ್ನ ಎಳ್ಕೊಂಡು, ಸೋಸಿ, ಹೊರಗೆ ಬಿಡ್ತಾ ಇರುತ್ತೆ. ನೀರಲ್ಲಿ ಸೀಸ ಇದ್ರೆ ಅದು ಮಾಂಸದಲ್ಲಿ ನಿಲ್ಲುತ್ತೆ. ಚಿಪ್ಪು ಕಟ್ಕೊಳ್ಳೋಕೆ ಸುಣ್ಣದ ಅಂಶ ಬೇಕಲ್ಲ, ಸೀಸಾನೂ ಅದೇ ಅಂತ ಒಂದಿಷ್ಟು ಗೋಡೆಗೆ ಸೇರಿಸ್ಕೊಂಡ್ಬಿಡುತ್ತೆ. ಕಡಲಲ್ಲೂ ಇದೇ ಕಥೆ. ದೋಣಿಗೆ ಬಳಿಯೋ ಬಣ್ಣದ ತಾಮ್ರ, ಬಲೆಯಿಂದ ಕಿತ್ತ ಪ್ಲಾಸ್ಟಿಕ್ ಎಳೆ, ಎಲ್ಲ ಇವುಗಳ ಹೊಟ್ಟೇಲಿ ನೋಡಿದ್ದೀನಿ. ಓಡಿಹೋಗೋಕೆ ಕಾಲಿಲ್ಲ, ನೀರು ಬೇಡ ಅನ್ನೋ ಹಾಗಿಲ್ಲ."

ಸುಟ್ಟರೆ ಹೋಗುವುದಿಲ್ಲವೇ ಎಂದು ಚಿಕ್ಕಬೀರಮ್ಮ ಕೇಳಿದರು. ಗೂಡಿನ ಬೆಂಕಿಯಲ್ಲಿ ಉಳಿದುಕೊಳ್ಳುವ ಕೊಳೆಯನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂದಿಷ್ಟು ಹೋಗಬಹುದು, ಒಂದಿಷ್ಟು ಉಳಿಯುತ್ತದೆ, ಎಷ್ಟೆಂದು ತಾನು ನೋಡದೆ ಹೇಳಲಾರೆ ಎಂದರು ಉಮಾಶಂಕರ. ಚಿಪ್ಪನ್ನೂ ಸುಣ್ಣವನ್ನೂ ಪೊಟ್ಟಣ ಕಟ್ಟಿಕೊಂಡು ಮೈಸೂರಿಗೆ ಪರೀಕ್ಷೆಗೆ ಕಳಿಸಿದರು. ಉತ್ತರ ಹಿಡಿದು ಅವರು ಮತ್ತೆ ಬರುವಷ್ಟರಲ್ಲಿ ಮುಂಗಾರು ಮುಗಿದಿತ್ತು; ಅಲ್ಲಿಯವರೆಗೂ ಮನೆಯ ಎಲೆಗೆ ಅದೇ ಸುಣ್ಣ. ಬೇರೆ ಕೆರೆಯ ಚಿಪ್ಪಿಗಿಂತ ಇದರಲ್ಲಿ ಸೀಸ ಬಹಳ ಹೆಚ್ಚು; ಸುಣ್ಣದಲ್ಲೂ ಇದೆ. ಹುಳಿನೀರು ಚಿಪ್ಪನ್ನು ಸವೆಸಿದ್ದರಿಂದಲೇ ಅವು ಹಗುರವಾಗಿದ್ದವು.

ಕಡಲೆಕಾಳಿನಷ್ಟು ಸುಣ್ಣದಿಂದ ಎಷ್ಟು ಕೆಡುಕಾಗುತ್ತದೆ ಎಂದು ಚಿಕ್ಕಬೀರಮ್ಮ ಉಮಾಶಂಕರ ಅವರನ್ನು ಕೇಳಿದರು. "ಆಗೇ ಆಗುತ್ತೆ ಅಂತ ಹೇಳೋಕೂ ಆಗಲ್ಲ, ಏನೂ ಆಗಲ್ಲ ಅಂತ ಹೇಳೋಕೂ ಧೈರ್ಯ ಇಲ್ಲ. ಸೀಸ ಹಾಲಿಗೆ ಇಳಿಯುತ್ತೆ ಅನ್ನೋದು ಮಾತ್ರ ಗೊತ್ತು."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ರೂಪಶ್ರೀ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. "ಅವ್ಳು ಬೈದಿದ್ರೆ ಚೆಂದಾಗಿತ್ತು" ಎನ್ನುತ್ತಾರೆ ಚಿಕ್ಕಬೀರಮ್ಮ. "ಬೈನಿಲ್ಲ. ನನ್ನ ಕೈಲಿ ಮಡಕೆ ಇತ್ತಲ್ಲ, ಅದ್ನೇ ನೋಡುದ್ಲು."

ಆ ರಾತ್ರಿ ಗಂಡಹೆಂಡಿರ ನಡುವೆ ನಡೆದ ಮಾತನ್ನು ಮರಿಯಯ್ಯ ಈಗಲೂ ಮರೆಮಾಚುವುದಿಲ್ಲ. ಇನ್ನು ಮುಂದೆ ಈ ಕೆರೆಯ ಚಿಪ್ಪು ಸುಡುವುದು ಬೇಡ, ಆದರೆ ಹೋದದ್ದು ಹೋಯಿತು, ಯಾರಿಗೂ ತಿಳಿದಿಲ್ಲ, ನಾವೇ ಹೋಗಿ ಹೇಳಿಕೊಂಡರೆ ಮುಂದೆ ನಮ್ಮ ಸುಣ್ಣ ಮುಟ್ಟುವವರಾರು ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಿಕ್ಕಬೀರಮ್ಮ ಬೆಳಗ್ಗೆ ಎದ್ದು, ಬಾಯಗಲದ ಒಂದು ಖಾಲಿ ಡಬ್ಬ ಕಂಕುಳಿಗಿಟ್ಟುಕೊಂಡು, ಮೊದಲ ಬಸ್ಸಿಗೆ ಕೃಷ್ಣರಾಜನಗರಕ್ಕೆ ಹೊರಟರು.

ಅಲ್ಲಿ ಅವರ ಸುಣ್ಣವನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತಿದ್ದವರು ವೀಳ್ಯದೆಲೆ ಅಂಗಡಿಯ ರುದ್ರಸ್ವಾಮಿ. ವಿಷಯ ಕೇಳಿ ಅವರು ನಕ್ಕರು.

"ಮಾರಿದ್ ಸುಣ್ಣ ವಾಪಸ್ ಕೇಳ್ತೀಯಲ್ಲ ಚಿಕ್ಕಬೀರಮ್ಮ, ಇದ್ಯಾವ ಸೀಮೆ ಯಾಪಾರ?"

"ಸುಣ್ಣ ಸರಿಗಿಲ್ಲ ಕಣ್ರೀ."

"ಬೆಳ್ಳಗದೆ. ನಾಲ್ಗೆ ಸುಡಾಕಿಲ್ಲ. ಎಲೆ ಕೆಂಪಗೆ ಬತ್ತದೆ. ಸುಣ್ಣಕ್ಕೆ ಇನ್ನೇನಾಗ್ಬೇಕು?"

"ಅದ್ರೊಳ್ಗೆ ಸೀಸ ಅದೆ ಅಂತ ಮೇಷ್ಟ್ರು ಯೋಳವ್ರೆ."

"ನಿನ್ ಕಣ್ಗೆ ಕಂಡದಾ?"

"ಇಲ್ಲ."

"ನನ್ಗೂ ಕಾಣ್ನಿಲ್ಲ. ಕಾಣ್ದಿದ್ಕೆ ಎದ್ರುಕೊಂಡ್ರೆ ಅಂಗ್ಡಿ ಬಾಗ್ಲು ತೆಗಿಯಂಗಿಲ್ಲ. ಬುಡು, ಬಾಣಂತೀರ್ಗೆ ಕೊಡಲ್ಲ, ಗಂಡಸ್ರಿಗೆ ಮಾರ್ಕತೀನಿ."

"ಗಂಡಸ್ರು ತಕೊಂಡೋಗಿ ಮನೇಲಿ ಯಾರ್ ಕೈಗೆ ಕೊಟ್ಟಾರು ಅಂತ ನೀವ್ ಇಂದೆ ಓಯ್ತೀರಾ?"

ರುದ್ರಸ್ವಾಮಿ ಎಲೆ ಎಣಿಸತೊಡಗಿದರು. ಚಿಕ್ಕಬೀರಮ್ಮ ವಾದ ಮುಂದುವರಿಸಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಸೆರಗು ಹೊದ್ದು ಕುಳಿತರು. ಎಲೆಗೆ ಬಂದವರಿಗೆಲ್ಲ, ದನಿ ಏರಿಸದೆ, ಒಂದೇ ಮಾತು: "ಈ ಅಂಗ್ಡಿ ಸುಣ್ಣ ತಕೋಬ್ಯಾಡಿ. ಕೆಟ್ಟದೆ. ಸುಟ್ಟೋಳು ನಾನೇ." ಕೆಲವರು ಹುಚ್ಚಿಯೆಂದು ನೋಡಿದರು. ಕೆಲವರು ನಿಂತು ಕೇಳಿದರು. ಸಂತೆ ಕೂಡುವ ಹೊತ್ತಿಗೆ ರುದ್ರಸ್ವಾಮಿ ಒಳಗಿನಿಂದ ಡಬ್ಬವನ್ನೆತ್ತಿ ತಂದು ಅವರ ಮುಂದಿಟ್ಟರು. "ತಕೊಂಡೋಗು ತಾಯಿ. ನನ್ನ ಅಂಗ್ಡಿ ಮುಂದೆ ನಿನ್ ಅಂಗ್ಡಿ ಇಕ್ಬ್ಯಾಡ." ಅಂದಿನಿಂದ ನಾಲ್ಕೈದು ವರ್ಷ ಅವರು ಚಿಕ್ಕಬೀರಮ್ಮನ ಬಳಿ ಸುಣ್ಣ ಕೊಳ್ಳಲಿಲ್ಲ.

ಅಂಗಡಿ ಸುಲಭ, ಮನೆಗಳೇ ಕಷ್ಟವಾದವು. ಸಂತೆಯಲ್ಲಿ ಮಾರಿದ ಸುಣ್ಣ ಯಾವ ಊರಿಗೆ, ಯಾವ ಗಡಿಗೆಗೆ ಹೋಯಿತೆಂದು ತಿಳಿಯುವುದು ಹೇಗೆ? ಅವರು ಹಿಡಿದದ್ದು ಸೂಲಗಿತ್ತಿಯರ ಜಾಡು. ಯಾರ ಮನೆಯಲ್ಲಿ ಹೆರಿಗೆಯಾಗಿದೆ ಎಂದು ಪ್ರತಿ ಊರಿನ ಸೂಲಗಿತ್ತಿಗೆ ಗೊತ್ತಿರುತ್ತದೆ. ಆ ಮನೆಗಳಿಗಷ್ಟೇ ಮೊದಲು ಹೋದರು. ಹೊಸ ಅಗ್ರಹಾರದ ಸುತ್ತ ಹೆಚ್ಚಿನವರು ಮರುಮಾತಾಡದೆ ಕೊಟ್ಟರು. ಮಿರ್ಲೆಯ ಜಯಲಕ್ಷ್ಮಮ್ಮನ ಮನೆಯಲ್ಲಿ ಮಾತ್ರ ಹೊಸಿಲ ಹೊರಗೇ ನಿಲ್ಲಬೇಕಾಯಿತು. ಜಯಲಕ್ಷ್ಮಮ್ಮನ ಮಗಳು ಮೂರು ತಿಂಗಳ ಬಾಣಂತಿ.

"ನಿಮ್ಮತ್ತೆ ಕಾಲ್ದಿಂದ ನಿಮ್ ಸುಣ್ಣಾನೇ ತಿಂದಿದ್ದೀವಿ. ಈಗ್ ಬಂದು ಇಸ ಅಂತೀಯಲ್ಲ?"

"ಇಸ ಅನ್ನಕಿಲ್ಲ ಕಣವ್ವ. ಬ್ಯಾಡ ಅಂತೀನಿ."

"ಎರ್ಡೂ ಒಂದೇಯ. ಕೊಡಾಕ್ ಮುಂಚೆ ತಿಳ್ಕಬಾರ್ದಾಗಿತ್ತಾ?"

ಗಡಿಗೆಯಲ್ಲಿದ್ದ ಸುಣ್ಣವನ್ನು ಜಯಲಕ್ಷ್ಮಮ್ಮ ಕೈಗೆ ಕೊಡಲಿಲ್ಲ. ಅಂಗಳದ ಕಲ್ಲಿನ ಮೇಲೆ ಸುರಿದು ಬಾಗಿಲು ಹಾಕಿಕೊಂಡರು. ಚಿಕ್ಕಬೀರಮ್ಮ ಅದನ್ನು ಅಂಗೈಯಿಂದ ಬಳಿದು ಡಬ್ಬಕ್ಕೆ ಹಾಕಿಕೊಂಡು, ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಸ್ಸಿಗೆ ನಡೆದರು. "ಅವ್ರು ಕೇಳಿದ್ದು ಸರಿ ಅದೆ."

ಎಲ್ಲ ಸುಣ್ಣ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಸಿಕ್ಕಿದ್ದು ಹಿತ್ತಲಲ್ಲಿ ಮಡಕೆಗಳಾಗಿ ಕುಳಿತಾಗ ಹೊಸ ತೊಡಕು ಹುಟ್ಟಿತು. ಕೆಟ್ಟ ಸುಣ್ಣವನ್ನು ನೀರಿಗೆ ಒಪ್ಪಿಸಬೇಕು ಎಂಬುದು ಮನೆತನದ ಕಟ್ಟಳೆ. ಊರಿನ ಹಿರಿಯರೂ ಅದನ್ನೇ ಹೇಳಿದರು, ಮರಿಯಯ್ಯನೂ ಅದನ್ನೇ ಹೇಳಿದರು. ಒಪ್ಪಿಸದಿದ್ದರೆ ಗೂಡಿಗೆ ಒಳ್ಳೆಯದಾಗುವುದಿಲ್ಲ. ಒಪ್ಪಿಸಿದರೆ, ಸತ್ತ ಹುಳುವಿನ ಮನೆಯಲ್ಲಿ ಸಿಕ್ಕಿಬಿದ್ದಿದ್ದ ಸೀಸ ಮತ್ತೆ ಬದುಕಿರುವ ಹುಳುವಿನ ಬಾಯಿಗೆ. ನೀರು ತಾಗದ ಎತ್ತರದ ನೆಲದಲ್ಲಿ, ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಗಾರೆ ಹಾಕಿ ಮುಚ್ಚಿದರೆ ಒಳ್ಳೆಯದೆಂದು ಉಮಾಶಂಕರ ಹೇಳಿದ್ದರು. ಅಂಥ ಜಾಗ ಆ ಹಿತ್ತಲಲ್ಲಿ ಒಂದೇ ಇತ್ತು. ನೀರು ನುಗ್ಗಬಾರದೆಂದೇ ದಿಬ್ಬದ ಮೇಲೆ, ಇಟ್ಟಿಗೆ ಸುತ್ತಿ ಕಟ್ಟಿದ, ಅತ್ತೆಯ ಅತ್ತೆಯ ಕಾಲದ ಗೂಡು.

ಮಡಕೆಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿದವರು ಚಿಕ್ಕಬೀರಮ್ಮ. ದಂಡೆಯಿಂದ ತಂದು ಇನ್ನೂ ಸುಡದೆ ಇಟ್ಟಿದ್ದ ಹಗುರ ಚಿಪ್ಪನ್ನೂ ಅದರ ಮೇಲೆ ಸುರಿದರು. ಗಾರೆ ಕಲಸಲು ಕೈ ಬೇಕಾದಾಗ, ಅಷ್ಟು ಹೊತ್ತು ಜಗಲಿಯ ಮೇಲೆ ಮುಖ ತಿರುಗಿಸಿ ಕುಳಿತಿದ್ದ ಮರಿಯಯ್ಯ ಎದ್ದುಬಂದು ಕರಣೆ ತೆಗೆದುಕೊಂಡರು. "ನಮ್ಮಪ್ಪನ ಗೂಡು. ಬ್ಯಾರೆಯವ್ರ್ ಕೈಲಿ ಮುಚ್ಚಿಸ್ಬಾರ್ದು ಅನ್ನುಸ್ತು" ಎನ್ನುತ್ತಾರೆ ಅವರು.

ಶೆಡ್ಡು ಹೆಚ್ಚು ದಿನ ಉಳಿಯಲಿಲ್ಲ. ಬಾಣಂತಿಯರ ಮಾತು ಮನೆಮನೆಗೆ ಮುಟ್ಟಿದ ಮೇಲೆ ಊರವರು ಜಾಗದ ಗುತ್ತಿಗೆ ಮುಂದುವರಿಸಲು ಬಿಡಲಿಲ್ಲ. ಶೆಡ್ಡಿನವನು ತಗಡು ಬಿಚ್ಚಿಕೊಂಡು ಹೋದ. ಕಪ್ಪು ಚೂರುಗಳು ಉಳಿದವು. ರೂಪಶ್ರೀಯ ಮಗುವನ್ನು ಮೈಸೂರಿನ ಆಸ್ಪತ್ರೆಯಲ್ಲಿ ತೋರಿಸಿದಾಗ ವೈದ್ಯರಿಗೆ ಎದ್ದುಕಾಣುವ ತೊಂದರೆ ಏನೂ ಸಿಗಲಿಲ್ಲ. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಮಗ್ಗಿ ತಪ್ಪುತ್ತಾಳೆ. ಪ್ರತಿ ಸಲ ತಪ್ಪಿದಾಗಲೂ ಅಜ್ಜಿಯ ಕಿವಿ ನಿಮಿರುತ್ತದೆ. "ಅವ್ರಪ್ಪನೂ ತಪ್ತಿದ್ದ ಬುಡಿ ಅತ್ತೆ" ಎಂದು ರೂಪಶ್ರೀಯೇ ಈಗ ಸಮಾಧಾನ ಹೇಳುತ್ತಾಳೆ.

ಹೊಸ ಗೂಡು ಚಿಕ್ಕದು. ಅದಕ್ಕೆ ಚಿಪ್ಪು ಬರುವುದು ಚಿಕ್ಕಬೀರಮ್ಮನ ತವರಿನ ದಿಕ್ಕಿನಿಂದ, ಸರಗೂರಿನಾಚೆಯ ಕಾಡಂಚಿನ ಕೆರೆಗಳಿಂದ. ಎರಡು ಬಸ್ಸು ಬದಲಿಸಿ, ಚೀಲ ಹೊತ್ತು ತರಬೇಕು. ತಂದ ಚಿಪ್ಪಿನಲ್ಲಿ ಕೆಲವನ್ನು ಉಮಾಶಂಕರ ಅವರಿಗೆ ಕೊಟ್ಟು, ಅವರು ಪರೀಕ್ಷೆ ಮಾಡಿಸಿ ಆಗಬಹುದು ಎನ್ನುವ ತನಕ ಗೂಡು ಹೊತ್ತುವುದಿಲ್ಲ. ಹೀಗಾಗಿ ಸುಣ್ಣ ಸಿಗುವುದೇ ಅಪರೂಪ. ಕಲ್ಲಿನ ಸುಣ್ಣವನ್ನೇ ಚಿಪ್ಪಿನದೆಂದು ಮಾರುವವರು ಸಂತೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಡಕೆ ಬೇಗ ಖಾಲಿಯಾಗುತ್ತದೆ. ಮಡಕೆ ಕೊಡುವಾಗ ಚಿಕ್ಕಬೀರಮ್ಮ ಚಿಪ್ಪು ಯಾವ ಕೆರೆಯದೆಂದು ಹೇಳಿಯೇ ಕೊಡುತ್ತಾರೆ, ಕೇಳಲಿ ಕೇಳದಿರಲಿ. ಕಳೆದ ವರ್ಷ ಮಿರ್ಲೆಯಿಂದ, ಜಯಲಕ್ಷ್ಮಮ್ಮನ ಕಡೆಯವರೊಬ್ಬರು ಸಂತೆಯಲ್ಲಿ ಎದುರು ಬಂದು ನಿಂತರು. ಕಿರಿಯ ಮಗಳ ಹೆರಿಗೆಗೆ ಸುಣ್ಣ ಬೇಕಿತ್ತು. "ಯಾವ ಕೆರೇದು ಅಂತ ಮೊದ್ಲು ಕೇಳು, ಆಮ್ಯಾಕ್ ತಕೊ ಅಂದವ್ರೆ ಜಯಲಕ್ಷ್ಮಮ್ಮ" ಎಂದರು ಬಂದವರು. ಚಿಕ್ಕಬೀರಮ್ಮ ಕೆರೆಯ ಹೆಸರು ಹೇಳಿದರು.

ಬೇಸಗೆಯಲ್ಲಿ ನೀರು ತಗ್ಗಿದಾಗ ಅವರಿಗೆ ಇನ್ನೊಂದು ಕೆಲಸ. ಗೂಡಿನಕೊಪ್ಪಲಿನ ಕೆರೆಗಿಳಿದು, ಕೆಸರಲ್ಲಿ ಹೂತ ಪ್ಲಾಸ್ಟಿಕ್ ಹಾಳೆ, ಚೀಲ, ಬ್ಯಾಟರಿಯ ಕಪ್ಪು ಚೂರುಗಳನ್ನು ಎಳೆದೆಳೆದು ದಂಡೆಗೆ ಹಾಕುತ್ತಾರೆ. ಯಾರೂ ಹೇಳಿದ ಕೆಲಸವಲ್ಲ. ಒಮ್ಮೊಮ್ಮೆ ರೂಪಶ್ರೀ ಜೊತೆಗೆ ಬರುತ್ತಾಳೆ, ಒಮ್ಮೊಮ್ಮೆ ಯಾರೂ ಇರುವುದಿಲ್ಲ. ಕೆರೆಯಲ್ಲಿ ಹಳೆಯ ಚಿಪ್ಪು ಕೆಲವು ಇನ್ನೂ ಬದುಕಿವೆ, ಆದರೆ ಮರಿಗಳಿಲ್ಲ. ಎಳೆಯ ಚಿಪ್ಪು ದೊಡ್ಡದರಷ್ಟು ತಾಳುವುದಿಲ್ಲ; ಸೀಸ ತಿಂದ ಕೆಸರಿನಲ್ಲಿ ಅದು ಬಹಳ ಕಾಲ ನಿಲ್ಲದು, ಪ್ಲಾಸ್ಟಿಕ್ ಹಾಸಿದ ಕಡೆ ಅದಕ್ಕೆ ಹೂತುಕೊಳ್ಳಲು ಕೆಸರೇ ಸಿಗದು ಎಂದು ಉಮಾಶಂಕರ ವಿವರಿಸುತ್ತಾರೆ. ಕಪ್ಪೆಚಿಪ್ಪಿನ ಮರಿ ಮೊದಮೊದಲು ಮೀನಿನ ಕಿವಿರಿಗೆ ಅಂಟಿಕೊಂಡು ಸವಾರಿ ಮಾಡಿ, ಆಮೇಲೆ ಕೆಸರಿಗೆ ಉದುರುತ್ತದೆಂದು ಅವರೇ ಹೇಳಿದ್ದು. ಎರಡು ಮಳೆಗಾಲದ ಹಿಂದೆ ಕೆರೆಗೆ ಮೀನು ಮರಳಿದಂದಿನಿಂದ, ಆ ಮಾತನ್ನು ನೆನೆದು, ಚಿಕ್ಕಬೀರಮ್ಮ ಹಾಳೆ ಎಳೆಯುವಾಗ ಅದರಡಿಯ ಕೆಸರನ್ನು ಒಂದು ಗಳಿಗೆ ಬೆರಳಲ್ಲಿ ಆಡಿಸಿ ನೋಡುತ್ತಾರೆ.

ಇಷ್ಟು ವರ್ಷ ದುಡಿದವರಿಗೆ ಇನ್ನೇನು ಆಸೆ ಎಂದು ಕೇಳಿದರೆ, ಅವರು ಕೈಯ ಕೆಸರನ್ನು ಸೀರೆಯ ನೆರಿಗೆಗೆ ಒರೆಸಿಕೊಂಡು ಹೆಬ್ಬೆರಳಿನ ಉಗುರನ್ನು ಮುಂದೆ ಹಿಡಿಯುತ್ತಾರೆ.

"ಇಷ್ಟಗ್ಲದ್ ಒಂದು ಮರಿಚಿಪ್ಪು ಈ ಕೆರೇಲಿ ಕಾಣ್ಬೇಕು ಕಣಪ್ಪ. ಸುಡಾಕಲ್ಲ. ನೋಡ್ಬುಟ್ಟು ಮತ್ತೆ ಕೆಸ್ರಿಗೇ ನೆಟ್ಬುಟ್ಟು ಬತ್ತೀನಿ."